ಕೂಗದ ಕಾವಲು

ಸಹಿ ಹಾಕುವುದು ಅಂಥ ಘನಂದಾರಿ ಕೆಲಸವೇನಲ್ಲ. ಪೆನ್ನಿನ ಮುಚ್ಚಳ ತೆಗೆದು ಒಂದು ಗೀಟು ಎಳೆದರೆ ಮುಗಿಯಿತು. ಆ ಕಟ್ಟಡದಲ್ಲಿ ಎಲ್ಲರೂ ದಿನಾ ಅಂಥ ಎಷ್ಟೋ ಗೀಟು ಎಳೆಯುತ್ತಿದ್ದರು, ಯಾರ ಕೈಯೂ ಸವೆದಿರಲಿಲ್ಲ. ಸರ್ವರಮ್ಮ ಮಾತ್ರ ಅವತ್ತು ಕಾಗದವನ್ನು ಮೇಲಿಂದ ಕೆಳಗೆ ಓದಿ, ಮತ್ತೊಮ್ಮೆ ಓದಿ, ಸಾಹೇಬರ ಮೇಜಿನ ಮೇಲೇ ಬಿಟ್ಟು, ಪೆನ್ನು ಮುಟ್ಟದೆ ನಿಂತುಬಿಟ್ಟಳು.

ಅದು ಆಂಬುಲೆನ್ಸ್ ಕಳಿಸುವ ಕೇಂದ್ರ. ಊರಲ್ಲಿ ಯಾರು ಎದೆ ಹಿಡಿದುಕೊಂಡು ಕುಸಿದರೂ, ಯಾರು ಮೆಟ್ಟಿಲಿಂದ ಜಾರಿ ಬಿದ್ದರೂ ಕರೆ ಬರುವುದು ಇಲ್ಲಿಗೆ. ಮುಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹೆಂಗಸರು ವಿಳಾಸ ಟೈಪ್ ಮಾಡುತ್ತಾರೆ. ಹಿಂದಿನ ತಣ್ಣನೆ ಕೋಣೆಯಲ್ಲಿರುವ ಸರ್ವರುಗಳು ಹತ್ತಿರದ ಗಾಡಿ ಯಾವುದೆಂದು ಹುಡುಕಿ ಅದರ ಡ್ರೈವರಿನ ಫೋನಿಗೆ ಸುದ್ದಿ ಮುಟ್ಟಿಸುತ್ತವೆ. ಆ ಸರ್ವರುಗಳನ್ನು ಸಾಕಿ ಸಲಹುವವಳು ಇವಳು. ಹೆಸರು ಹಿಡಿದು ಕರೆಯುವುದನ್ನು ಜನ ಎಂದೋ ಬಿಟ್ಟಿದ್ದರು, ಸರ್ವರಮ್ಮ ಎಂದರೆ ಸಾಕಿತ್ತು. ನೆಂಟರೊಬ್ಬರು "ನಿಮ್ಮ ಮಗಳು ಯಾವ ಹೋಟ್ಲಲ್ಲಿ ಸರ್ವರು?" ಎಂದು ಕೇಳಿದ ಮೇಲೆ ಅವಳ ಅಮ್ಮ ಮಾತ್ರ ಆ ಹೆಸರನ್ನು ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಸಾಹೇಬರಿಗೂ ಒಂದು ಅಡ್ಡಹೆಸರಿತ್ತು, ಹಸಿರು ಸಾಹೇಬರು ಅಂತ. ಅವರ ಕೋಣೆಯ ಗೋಡೆಗೆ ಬಾಗಿಲಷ್ಟು ದೊಡ್ಡ ಪರದೆ ಹಾಕಿಸಿದ್ದರು. ಅದರಲ್ಲಿ ಸಾಲಾಗಿ ಎಲ್ಲ ಸರ್ವರುಗಳ ಹೆಸರು, ಒಂದೊಂದರ ಪಕ್ಕದಲ್ಲೂ ಒಂದು ಚುಕ್ಕೆ. ವೈರಸ್ ಹಿಡಿಯುವ ತಂತ್ರಾಂಶ ಇದ್ದರೆ ಹಸಿರು, ಏನಾದರೂ ಎಡವಟ್ಟಾದರೆ ಕೆಂಪು. ಚುಕ್ಕೆಗಳು ಹಸಿರಾಗಿದ್ದರೆ ಮಾತ್ರ ಸಾಹೇಬರಿಗೆ ಊಟ ಸೇರುತ್ತಿತ್ತು. ಬಂದವರಿಗೆಲ್ಲ ಮೊದಲು ಪರದೆ ತೋರಿಸಿ ಆಮೇಲೆ ಕುರ್ಚಿ ತೋರಿಸುತ್ತಿದ್ದರು.

"ಏನಮ್ಮಾ, ಓದೋದು ಇನ್ನೂ ಮುಗೀಲಿಲ್ವಾ?" ಎಂದರು ಸಾಹೇಬರು.

"ಮುಗೀತು ಸಾರ್. ಇಲ್ಲಿ 'ಎಲ್ಲ ಸರ್ವರುಗಳಿಗೂ ರಕ್ಷಣೆ ಇದೆಯೆಂದು ಪರೀಕ್ಷಿಸಿ ದೃಢಪಡಿಸುತ್ತೇನೆ' ಅಂತ ಇದೆ."

"ಇರ್ಲಿ ಬಿಡಿ. ಎಲ್ಲ ಕಾಗದದಲ್ಲೂ ಹಾಗೇ ಇರುತ್ತೆ."

"ನಾನು ನಿಜವಾಗ್ಲೂ ಪರೀಕ್ಷೆ ಮಾಡ್ದೆ ಸಾರ್. ಅದಕ್ಕೇ ಸಹಿ ಹಾಕೋಕಾಗ್ತಿಲ್ಲ."

ಸಾಹೇಬರು ಪರದೆಯತ್ತ ತಿರುಗಿದರು. ಎಲ್ಲವೂ ಹಸಿರಾಗಿತ್ತು. ಮತ್ತೆ ಇವಳತ್ತ ತಿರುಗಿ, ಇವಳಿಗೇ ಏನೋ ಆಗಿದೆ ಎಂಬಂತೆ ನೋಡಿದರು.

ಆಗಿದ್ದು ಇಷ್ಟು. ಇಲ್ಲಿನ ಸರ್ವರುಗಳು ಓಡುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ. ಲಿನಕ್ಸ್ ನೋಡಿಕೊಳ್ಳುವವರಲ್ಲಿ ಒಂದು ಜಂಭ ಇರುತ್ತದೆ. ವೈರಸ್ ಎಂಬುದು ಪಕ್ಕದ ಮನೆಯವರ ಕಾಯಿಲೆ, ನಮ್ಮ ಯಂತ್ರಕ್ಕೆ ಅದೆಲ್ಲ ಬರುವುದಿಲ್ಲ ಎಂಬ ಜಂಭ. ಸರ್ವರಮ್ಮನಿಗೂ ಅದು ಮೂಗಿನ ಮಟ್ಟ ಇತ್ತು. ಎಲ್ಲ ಸರ್ವರಿಗೂ ವೈರಸ್ ನಿರೋಧಕ ಹಾಕಬೇಕೆಂದು ಮೇಲಿನಿಂದ ಆದೇಶ ಬಂದಾಗ, ಬೇಡವೇ ಬೇಡ ಎಂದು ಗಂಟಲು ಹರಿದುಕೊಂಡವಳು ಇವಳೇ. ಅಷ್ಟರಲ್ಲಿ ಪಕ್ಕದ ಊರಿನ ಕೇಂದ್ರಕ್ಕೆ ಏಟು ಬಿತ್ತು. ಅಲ್ಲಿಯವೂ ಲಿನಕ್ಸ್ ಸರ್ವರುಗಳೇ. ಯಾವುದೋ ಆಸ್ಪತ್ರೆಯಿಂದ ಬಂದ ಕಡತದ ಜೊತೆ ಒಳಗೆ ನುಗ್ಗಿದ ವೈರಸ್ಸು ಸದ್ದಿಲ್ಲದೆ ಕೂತಿದ್ದು, ಒಂದು ಬೆಳಿಗ್ಗೆ ಎಲ್ಲಕ್ಕೂ ಬೀಗ ಜಡಿದಿತ್ತು. ಅಲ್ಲಿನ ಹೆಂಗಸರು ವಿಳಾಸಗಳನ್ನು ಅಂಗೈ ಮೇಲೆ ಗೀಚಿಕೊಂಡು ಅಂಗಳಕ್ಕೆ ಓಡಿದರಂತೆ. ಒಂದು ಮನೆಯ ಮುಂದೆ ಗಾಡಿ ನಿಲ್ಲುವ ಹೊತ್ತಿಗೆ ಒಳಗಿನಿಂದ ಅಳು ಕೇಳುತ್ತಿತ್ತಂತೆ. ಅದನ್ನು ಕೇಳಿದ ದಿನ ಸರ್ವರಮ್ಮನ ಜಂಭವೆಲ್ಲ ಜರ್ರನೆ ಇಳಿದುಹೋಯಿತು. ತಾನೇ ಕೂತು ತಂತ್ರಾಂಶ ಹಾಕಿದಳು.

ಹಾಕಿದ್ದೇನೋ ಸರಿ, ಆದರೆ ಅದು ಅತಿ ನಿಯತ್ತಿನ ಕಾವಲುಗಾರ. ಸರ್ವರಿನಲ್ಲಿ ಯಾವ ಕಡತ ತೆರೆದರೂ, ಏನು ಬರೆದರೂ ತಡೆದು, ಮುಟ್ಟಿ, ತಡವಿ, ಆಮೇಲೆ ಬಿಡುತ್ತಿತ್ತು. ಕರೆ ಬಂದಾಗ ಬರೆಯುವ ವಿಳಾಸವೂ ಅದಕ್ಕೆ ಅನುಮಾನವೇ. ಮುಂದಿನ ಕೋಣೆಯ ಪರದೆಗಳು ಒದ್ದಾಡತೊಡಗಿದವು, ಹೆಂಗಸರು ಕೂಗಾಡಿದರು. ಸರ್ವರಮ್ಮ ಆಗ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ರಜೆಯಲ್ಲಿದ್ದಳು. ಸಾಹೇಬರು ತಂತ್ರಾಂಶ ಮಾರಿದ ಕಂಪನಿಯವನನ್ನು ಕರೆಸಿ, ಸದ್ಯಕ್ಕೆ ಏನಾದರೂ ಮಾಡಪ್ಪ ಎಂದರು. ಅವನು ಯಾವ್ಯಾವ ಜಾಗ ನೋಡಬಾರದು ಎಂದು ಕಾವಲಿಗೆ ಹೇಳುವ ಪಟ್ಟಿಗೆ, ಎಲ್ಲ ಕಡತಗಳೂ ಇರುವ ಇಡೀ ಡಿಸ್ಕನ್ನೇ ಸೇರಿಸಿ ಕೈ ತೊಳೆದುಕೊಂಡ. ಪರದೆಗಳು ಮತ್ತೆ ಓಡತೊಡಗಿದವು. ಸದ್ಯಕ್ಕೆಂದು ಮಾಡಿದ ಕೆಲಸಗಳಷ್ಟು ಗಟ್ಟಿಯಾಗಿ ಬಾಳುವುದು ಈ ಲೋಕದಲ್ಲಿ ಬೇರೇನೂ ಇಲ್ಲ. ಚುಕ್ಕೆಗಳಂತೂ ಹಸಿರಾಗಿಯೇ ಉಳಿದವು. ಅವು ಕೇಳುವುದು ಕಾವಲುಗಾರ ಇದ್ದಾನೆಯೇ ಎಂದು ಮಾತ್ರ. ಅವನ ಕಣ್ಣಿಗೆ ಬಟ್ಟೆ ಕಟ್ಟಿದೆಯೇ ಎಂದು ಕೇಳುವುದು ಅವುಗಳ ಕೆಲಸವಲ್ಲ.

ಇದು ಸರ್ವರಮ್ಮನಿಗೆ ತಿಳಿದದ್ದು ಅವತ್ತು ಬೆಳಿಗ್ಗೆ. ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಪರೀಕ್ಷೆಗೆಂದೇ ಮಾಡಿದ ಒಂದು ಪುಟಾಣಿ ಕಡತ ಇದೆ, ಒಂದೇ ಸಾಲಿನದು. ಅದರಿಂದ ಯಾರಿಗೂ ಎಳ್ಳಷ್ಟೂ ತೊಂದರೆಯಿಲ್ಲ. ಆದರೆ ಅದನ್ನು ಕಂಡ ಕೂಡಲೇ ಬೊಬ್ಬೆ ಹೊಡೆಯಬೇಕೆಂದು ವೈರಸ್ ನಿರೋಧಕ ಮಾಡುವವರೆಲ್ಲ ಒಪ್ಪಿಕೊಂಡಿದ್ದಾರೆ. ಕಾವಲು ಎಚ್ಚರವಾಗಿದೆಯೇ ಎಂದು ನೋಡಲು ಕಳ್ಳನ ವೇಷ ಹಾಕಿ ಒಬ್ಬ ಸಾಧುವನ್ನು ಒಳಗೆ ಬಿಟ್ಟ ಹಾಗೆ. ಅವಳು ಅದನ್ನು ಒಂದು ಸರ್ವರಿನಲ್ಲಿ ಇಟ್ಟಳು. ಸದ್ದಿಲ್ಲ. ಇನ್ನೊಂದರಲ್ಲಿ ಇಟ್ಟಳು. ಅಲ್ಲೂ ಇಲ್ಲ. ಹೋಗಿ ಟೀ ಕುಡಿದು, ಲೋಟ ತೊಳೆದಿಟ್ಟು ಬಂದಳು. ಕಡತ ಮಾವನ ಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿ ಕೂತಿತ್ತು.

"ನೀವೇ ಹೇಳ್ತಿದ್ರಲ್ಲ, ಲಿನಕ್ಸ್‌ಗೆ ವೈರಸ್ ಬರಲ್ಲ ಅಂತ!" ಎಂದರು ಸಾಹೇಬರು, ಎಲ್ಲ ಕೇಳಿದ ಮೇಲೆ. "ಈಗ ಯಾಕೆ ರಾಗ ಬದಲಾಯ್ತು?"

"ಹೇಳ್ತಿದ್ದೆ ಸಾರ್, ತಪ್ಪು ಹೇಳ್ತಿದ್ದೆ. ಒಂದು ದಿನ ಕೊಡಿ. ಕರೆ ಬರೆದುಕೊಳ್ಳೋ ಜಾಗ ಮಾತ್ರ ನೋಡಬೇಡ ಅಂತ ಹೇಳಿ, ಆಸ್ಪತ್ರೆಗಳಿಂದ ಕಡತ ಬರೋ ಜಾಗಕ್ಕೆ ಕಾವಲು ನಿಲ್ಲಿಸ್ತೀನಿ. ಕರೆಗಳೂ ನಿಲ್ಲಲ್ಲ, ಕಾವಲೂ ಇರುತ್ತೆ."

"ನಾಳೆ ತಪಾಸಣೆ ಇಟ್ಕೊಂಡು ಇವತ್ತು ಕೈ ಹಾಕ್ತೀರಾ? ಒಂದೇ ಒಂದು ಚುಕ್ಕೆ ಕೆಂಪಾದ್ರೆ ನನ್ನ ಮಾನ ಏನಾಗ್ಬೇಕು?" ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ದನಿ ಸಕ್ಕರೆಯಾಯಿತು. "ನಿಮ್ಮ ತಮ್ಮನ್ನ ಕಾಯಂ ಮಾಡೋ ಆದೇಶ ನನ್ನ ಹತ್ರಾನೇ ಇದೆ. ನಾಳೆ ಸಂಜೆ ಹೋಗುತ್ತೆ. ಇಲ್ಲಾಂದ್ರೆ ಹೋಗಲ್ಲ."

"ಹಾಗಂದ್ರೆ?"

"ಹಾಗಂದ್ರೆ ಹಾಗೇ."

ಅವಳ ಮೈಯೆಲ್ಲ ಉರಿದುಹೋಯಿತು. ತಮ್ಮ ಇಲ್ಲಿಯೇ ಆಂಬುಲೆನ್ಸ್ ಓಡಿಸುತ್ತಿದ್ದ. ಓಡಿಸುವ ವೇಗಕ್ಕೆ ಜೊತೆಯವರು ಅವನನ್ನು ಬಾಣ ಎನ್ನುತ್ತಿದ್ದರು. ಅವನಾದ ಮೇಲೆ ಸೇರಿದವರೆಲ್ಲ ಕಾಯಂ ಆಗಿ, ಕೆಲವರು ಹೊಟ್ಟೆಯನ್ನೂ ಬೆಳೆಸಿಕೊಂಡಿದ್ದರು. ಇವನು ಮಾತ್ರ ವರ್ಷ ವರ್ಷವೂ ಜೀವ ಕೈಯಲ್ಲಿ ಹಿಡಿದುಕೊಂಡು, ಕೆಲಸ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದ.

ಸಂಜೆ ಮನೆಗೆ ಹೋದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಬಟಾಣಿ ಬಿಡಿಸುತ್ತಿದ್ದರು. ತಮ್ಮ ಸ್ನಾನ ಮಾಡಿ ಬಂದು, ಬಿಡಿಸಿದ ಬಟಾಣಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಬೈಸಿಕೊಳ್ಳುತ್ತಿದ್ದ. ಸರ್ವರಮ್ಮ ಚಪ್ಪಲಿ ಬಿಟ್ಟವಳೇ, ಬ್ಯಾಗನ್ನೂ ಇಳಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಸುತ್ತಿ ಬಳಸಿ ಹೇಳುವುದು ಅವಳ ಜಾಯಮಾನವಲ್ಲ.

ಅಮ್ಮನ ಕೈ ನಿಂತಿತು. "ಒಂದು ಸಹಿ ತಾನೇ ಪುಟ್ಟಿ. ಹಾಕಿ ಬಿಸಾಕು. ನಾಡಿದ್ದು ಸರಿ ಮಾಡ್ಕೊಂಡ್ರಾಯ್ತು."

"ಸಹಿ ಹಾಕಿದ ಮೇಲೆ ಸರಿ ಮಾಡೋಕೆ ಯಾರು ಬಿಡ್ತಾರಮ್ಮ? ಎಲ್ಲ ಸರಿ ಇದೆ ಅಂತ ನಾನೇ ಬರ್ಕೊಟ್ಟಿರ್ತೀನಿ."

"ಅಕ್ಕ," ಎಂದ ತಮ್ಮ. ಬಾಯಲ್ಲಿದ್ದ ಬಟಾಣಿ ನುಂಗಿದ. "ನನ್ನ ಹೊಟ್ಟೆ ಮೇಲೆ ಹೊಡೀತೀಯಾ?"

ಆ ಮಾತು ಅವಳಿಗೆ ನಾಟಿತು. ಆದರೂ ಬಿಡಲಿಲ್ಲ. "ನೀನೇ ಹೇಳು. ಬೆಳಿಗ್ಗೆ ಗಾಡಿ ತೆಗೆಯೋವಾಗ ಆಕ್ಸಿಜನ್ ಸಿಲಿಂಡರ್ ತುಂಬಿದೆ ಅಂತ ಸಹಿ ಹಾಕ್ತೀಯಲ್ಲ. ಖಾಲಿ ಇದ್ರೆ ಹಾಕ್ತೀಯಾ?"

ಈ ಮಾತಿಗೆ ತಮ್ಮ ತಲೆ ತಗ್ಗಿಸುತ್ತಾನೆ, ವಾದ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದಳು. ತಮ್ಮ ತಲೆ ಎತ್ತಿಯೇ ಹೇಳಿದ: "ನೋಡೋದೇ ಇಲ್ಲ ಅಕ್ಕ. ಸಹಿ ಹಾಕಿ ಗಾಡಿ ಎತ್ತೋದೇ. ಕರೆ ಬಂದು ಕಾಯ್ತಿರುತ್ತೆ. ಎಲ್ರೂ ಹಾಗೇ. ನೀನೊಬ್ಳು ಯಾವ ಸೀಮೆಯಿಂದ ಇಳಿದು ಬಂದಿದೀಯಾ?"

ಬುದ್ಧಿ ಹೇಳಲು ಹೋಗಿ ಹೀಗೆ ಮುಖಭಂಗ ಮಾಡಿಸಿಕೊಂಡದ್ದು ಅವಳ ಜೀವನದಲ್ಲೇ ಮೊದಲು. ಅಮ್ಮ ಇಬ್ಬರ ಮುಖವನ್ನೂ ನೋಡಿ, "ನೋಡೋದೇ ಇಲ್ವೇನೋ?" ಎಂದರು ಮಗನಿಗೆ. ಮಗ ಎದ್ದು ಹೋಗಿ ಬಾಗಿಲು ದಡಾರನೆ ಹಾಕಿಕೊಂಡ. ಬಟಾಣಿ ಅರ್ಧ ಬಿಡಿಸಿದ ಹಾಗೇ ಉಳಿಯಿತು. ಊಟದ ಹೊತ್ತಿಗೆ ಮೂವರೂ ಮೂರು ದಿಕ್ಕು ನೋಡುತ್ತಾ ಉಂಡರು.

ಮರುದಿನ ಬೆಳಿಗ್ಗೆ ಕೇಂದ್ರದ ಅಂಗಳ ದಾಟುವಾಗ ಅವಳಿಗೆ ತಮ್ಮನ ಗಾಡಿ ಕಂಡಿತು. ಹಿಂದಿನ ಬಾಗಿಲುಗಳು ಅಗಲವಾಗಿ ತೆರೆದಿದ್ದವು. ತಮ್ಮ ಒಳಗೆ ಮಂಡಿಯೂರಿ ಸಿಲಿಂಡರಿನ ಕೀಲಿ ತಿರುಗಿಸಿ ಒತ್ತಡದ ಮುಳ್ಳು ನೋಡುತ್ತಿದ್ದ. ಅಕ್ಕನನ್ನು ಕಂಡು ಮುಖ ಸಿಂಡರಿಸಿದ.

"ತುಂಬಿದೆ," ಎಂದ, ಬೈದ ಹಾಗೆ. "ನಿನ್ನಿಂದ ಇವತ್ತು ಗಾಡಿ ತಡ."

ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದವರು ಒಬ್ಬ ಹಿರಿಯ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಕೈಯಲ್ಲಿ ಕರವಸ್ತ್ರ, ಕಂಕುಳಲ್ಲಿ ದಪ್ಪ ಬ್ಯಾಗು, ಮುಖದಲ್ಲಿ ಇಲ್ಲಿಂದ ಯಾವಾಗ ಹೊರಟೇನು ಎಂಬ ಭಾವ. ಸಾಹೇಬರು ಪದ್ಧತಿಯ ಪ್ರಕಾರ ಮೊದಲು ಪರದೆ ತೋರಿಸಿ ಆಮೇಲೆ ಕುರ್ಚಿ ತೋರಿಸಿದರು. ಆಕೆ ಒಂದೊಂದೇ ಪ್ರಶ್ನೆ ಓದಿದರು, ಸಾಹೇಬರು ಪರದೆಯತ್ತ ಕೈ ಮಾಡಿ ಇದೆ ಮೇಡಂ, ಇದೆ ಮೇಡಂ ಎಂದು ಹಾಡಿದ ಹಾಗೆ ಹೇಳಿದರು. ಕೊನೆಗೆ ಸಹಿಯ ಕಾಗದ ಸರ್ವರಮ್ಮನ ಮುಂದೆ ಬಂತು. ಸಾಹೇಬರು ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು.

ಅವಳು ಪೆನ್ನು ತೆಗೆದುಕೊಂಡಳು. ತಮ್ಮನ ಮುಖ ಕಣ್ಣ ಮುಂದೆ ಬಂತು, ಬಟಾಣಿ ನುಂಗಿ "ಅಕ್ಕ" ಎಂದ ಮುಖ. ಅಚ್ಚಾಗಿದ್ದ ಸಾಲಿನ ಮೇಲೆ ಗೀಟು ಹೊಡೆದು, ಕೆಳಗೆ ಬರೆದಳು: "ಪರೀಕ್ಷಿಸಿದ್ದೇನೆ. ತಂತ್ರಾಂಶ ಇದೆ, ಆದರೆ ಅದು ಏನನ್ನೂ ನೋಡುತ್ತಿಲ್ಲ." ಅದರ ಕೆಳಗೆ ಸಹಿ ಹಾಕಿದಳು.

ಸಾಹೇಬರು ಓದಿದರು. ಹಹ್ಹ ಎಂದು ನಕ್ಕರು, ಕಾಗದವನ್ನು ಪರ್ರನೆ ಹರಿದು ಬುಟ್ಟಿಗೆ ಹಾಕಿದರು. "ಏನಿಲ್ಲ ಮೇಡಂ, ಸ್ವಲ್ಪ ಕೈತಪ್ಪಾಯ್ತು." ಪ್ರಿಂಟರ್ ಗೊರಗೊರ ಎಂದು ಇನ್ನೊಂದು ಕಾಗದ ಉಗುಳಿತು. ಸರ್ವರಮ್ಮ ಅದರ ಮೇಲೂ ಅದನ್ನೇ ಬರೆದಳು. ಸಾಹೇಬರು ಅದನ್ನೂ ಹರಿದರು, ಈ ಸಲ ನಗಲಿಲ್ಲ. ಮೂರನೆಯದು ಬಂತು. ಈ ಸಲ ಅವಳ ಅಕ್ಷರ ಇನ್ನೂ ದುಂಡಗೆ ಬಂದಿತು. ಸಾಹೇಬರ ಕೈ ಕಾಗದದತ್ತ ಬಂದಾಗ ಅದರ ಮೇಲೆ ಅಂಗೈ ಊರಿ ಹಿಡಿದುಕೊಂಡಳು.

"ಹರೀರಿ ಸಾರ್," ಎಂದಳು. "ಎಷ್ಟು ಹರಿದ್ರೂ ಇದನ್ನೇ ಬರೀತೀನಿ. ನಿಮ್ಮ ಪ್ರಿಂಟರಲ್ಲಿ ಕಾಗದ ಮುಗಿಯುತ್ತೆ, ನನ್ನ ಕೈ ಮುಗಿಯಲ್ಲ."

"ಏನು ಬರೀತಿದಾರೆ ಅವರು?" ಎಂದರು ತಪಾಸಣೆಯ ಹೆಂಗಸು. ಸರ್ವರಮ್ಮ ಕಾಗದ ಅವರ ಮುಂದೆ ಸರಿಸಿದಳು. ಆಕೆ ಓದಿ, ಮೂಗೊರೆಸಿಕೊಂಡು, "ಇದು ನಿಜಾನಾ?" ಎಂದರು.

"ತೋರಿಸ್ತೀನಿ ಮೇಡಂ."

ಸಾಹೇಬರದೇ ಕೀಬೋರ್ಡು ಎಳೆದುಕೊಂಡು, ಪರೀಕ್ಷೆಯ ಕಡತ ಎಂದರೇನೆಂದು ಎರಡು ಮಾತಲ್ಲಿ ಹೇಳಿ, ಅವರ ಕಣ್ಣೆದುರೇ ಅದನ್ನು ಸರ್ವರಿನಲ್ಲಿ ಇಟ್ಟಳು. ಮೂವರೂ ಪರದೆ ನೋಡಿದರು. ಚುಕ್ಕೆಗಳು ಹಸಿರಾಗಿಯೇ ಇದ್ದವು. ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಆ ಹಸಿರು ಅಷ್ಟು ಅಸಹ್ಯವಾಗಿ ಯಾರಿಗೂ ಎಂದೂ ಕಂಡಿರಲಾರದು.

"ನನ್ನ ಪ್ರಶ್ನೆಗಳಲ್ಲಿ ಇದು ಇಲ್ಲವಲ್ಲಮ್ಮ," ಎಂದರು ಆಕೆ ಕೊನೆಗೆ. "ತಂತ್ರಾಂಶ ಇದೆಯಾ ಅಂತ ಕೇಳ್ಬೇಕು ಅಷ್ಟೇ. ಎಚ್ಚರ ಇದೆಯಾ ಅಂತ ಕೇಳು ಅಂತ ನನಗೆ ಯಾರೂ ಹೇಳಿಲ್ಲ."

"ನೀವು ಕೇಳದಿದ್ರೂ ನಾನು ಹೇಳ್ತಿದೀನಿ ಮೇಡಂ."

"ಸಹಿ ನಿಮ್ಮದೇ ತಾನೇ?"

"ನನ್ನದೇ."

"ಸಹಿ ಇದ್ರೆ ನಾನು ತಗೊಂಡು ಹೋಗ್ಲೇಬೇಕು." ಕಾಗದ ಮಡಚಿ ಬ್ಯಾಗಿಗೆ ಸೇರಿಸಿದರು. ಸಾಹೇಬರು ಅರ್ಧ ಎದ್ದು, "ಮೇಡಂ, ಇನ್ನೊಂದು ಒಳ್ಳೆ ಪ್ರತಿ ಮಾಡಿಸ್ತೀನಿ," ಎಂದರು. ಆಕೆ ಬ್ಯಾಗಿನ ಜಿಪ್ಪು ಎಳೆದರು. "ನನಗೆ ನೆಗಡಿ ಆಗಿದೆ, ಕಣ್ಣಿಗೇನೂ ಆಗಿಲ್ಲ. ನೀವು ಹರಿದಿದ್ದೆಲ್ಲ ನೋಡಿದೀನಿ. ಅವರು ಹೇಳಿದ್ದು ಮಾಡ್ಸಿ, ಆಮೇಲೆ ನನ್ನ ಕರೀರಿ."

ಆಕೆಯ ಹೆಜ್ಜೆ ಸದ್ದು ಮೆಟ್ಟಿಲಿಳಿಯುವವರೆಗೆ ಸಾಹೇಬರು ಕಾದರು. ಆಮೇಲೆ, "ನಿಮ್ಮ ತಮ್ಮನ ವಿಷಯ ಮರ್ತುಬಿಡಿ," ಎಂದರು.

"ಆ ಕೆಲಸ ಅವನು ಓಡಿ ಓಡಿ ಗಳಿಸಿದ್ದು ಸಾರ್. ನೀವು ಕೊಡೋ ದಾನ ಅಲ್ಲ ಅದು, ನೀವು ಹಿಡಿದಿಟ್ಕೊಂಡಿರೋದು." ಇಷ್ಟನ್ನು ಹೇಳುವಾಗ ಅವಳ ದನಿ ಒಡೆಯಲಿಲ್ಲ. ಒಡೆದದ್ದು ಸರ್ವರು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ. ಫ್ಯಾನುಗಳ ಗದ್ದಲದಲ್ಲಿ ಯಾರಿಗೂ ಕೇಳದ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ತಮ್ಮನ ಅನ್ನಕ್ಕೆ ಕಲ್ಲು ಹಾಕಿದೆ ಎಂದು ಅತ್ತಳು, ಹಾಕಿದ್ದು ತಾನಲ್ಲ ಎಂದು ಗೊತ್ತಿದ್ದೂ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೂತು, ಯಾರ ಅಪ್ಪಣೆಯನ್ನೂ ಕೇಳದೆ ಕೆಲಸ ಶುರು ಮಾಡಿದಳು.

ಇಡೀ ಡಿಸ್ಕನ್ನು ನೋಡದಂತೆ ಕಾವಲಿನ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಕರೆಗಳನ್ನು ಬರೆದುಕೊಳ್ಳುವ ಜಾಗವನ್ನು ಮಾತ್ರ ನೋಡಬೇಡ ಎಂದು ಕಾವಲಿಗೆ ಹೇಳಿದಳು. ಆಸ್ಪತ್ರೆಗಳಿಂದ ಕಡತ ಬಂದು ಬೀಳುವ ಜಾಗದ ಬಾಗಿಲಲ್ಲಿ ಅದನ್ನು ನಿಲ್ಲಿಸಿದಳು. ಒಂದೊಂದು ಸರ್ವರು ಮುಗಿದಾಗಲೂ ಮುಂದಿನ ಕೋಣೆಗೆ ಹೋಗಿ, "ನಿಧಾನ ಆಯ್ತೇನ್ರೇ?" ಎಂದು ಕೇಳಿ ಬಂದಳು. ಹೆಡ್‌ಫೋನಿನ ಹೆಂಗಸರು ವಿಳಾಸ ಟೈಪ್ ಮಾಡುತ್ತಲೇ, "ಇಲ್ಲ" ಎಂದು ತಲೆ ಅಲ್ಲಾಡಿಸಿದರು. ಗಾಡಿಗಳು ಹೋಗುತ್ತಿದ್ದವು, ಬರುತ್ತಿದ್ದವು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ತಮ್ಮ ಬಂದ. ಸರ್ವರು ಕೋಣೆಗೆ ಅವನು ಕಾಲಿಟ್ಟದ್ದೇ ಮೊದಲು. ಬಾಗಿಲಿಗೆ ಒರಗಿ ನಿಂತು, "ಹೋಯ್ತು," ಎಂದ. "ಆದೇಶ ವಾಪಸ್ ಕಳಿಸಿದ್ರಂತೆ."

"ಗೊತ್ತು ಕಣೋ."

"ಅಮ್ಮಂಗೆ ನೀನೇ ಹೇಳ್ಬೇಕು."

"ನಾನೇ ಹೇಳ್ತೀನಿ."

ಅವನು ಮಗುಚಿಟ್ಟಿದ್ದ ಪೆಟ್ಟಿಗೆಯ ಮೇಲೆ ಕೂತ. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಬೈದುಬಿಡಲಿ, ಕೂಗಾಡಲಿ, ಹಗುರಾಗುತ್ತದೆ ಎಂದುಕೊಂಡು ಪರದೆಯನ್ನೇ ನೋಡುತ್ತಾ ಕಾದಳು.

"ಮೂರು ಸಲ ಹರಿದ್ರಂತೆ?" ಎಂದ ತಮ್ಮ.

"ಎರಡೇ ಸಲ. ಮೂರನೇದು ಬಿಡ್ಲಿಲ್ಲ ನಾನು."

"ಹೂಂ." ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಂಡ. "ಮಾಡಿದ್ದೇನೋ ಮಾಡಿದ್ದಾಯ್ತು. ಈಗಾದ್ರೂ ಕೂಗುತ್ತಾ ಅದು? ಏನು ಹೋಯ್ತು ಅಂತ ಗೊತ್ತು, ಏನು ಬಂತು ಅಂತ ನೋಡ್ಬೇಕಲ್ಲ ನಾನು. ತೋರ್ಸು."

ಅವಳು ಪರೀಕ್ಷೆಯ ಕಡತವನ್ನು ಆಸ್ಪತ್ರೆಯ ಕಡತಗಳ ಜಾಗದಲ್ಲಿ ಇಟ್ಟಳು. ಕೀಬೋರ್ಡಿನಿಂದ ಕೈ ಎತ್ತುವುದರೊಳಗೆ ಕಡತ ಮಾಯವಾಯಿತು. ಹಿಡಿದು ಒಳಗೆ ಹಾಕಿದ್ದೇನೆ ಎಂದು ಪರದೆಯ ಮೇಲೆ ಸಾಲು ಮೂಡಿತು. ಸಾಹೇಬರ ಗೋಡೆಯ ಪಟ್ಟಿಯೇ ಇವಳ ಪರದೆಯ ಮೂಲೆಯಲ್ಲೂ ಇತ್ತು, ಅದರಲ್ಲಿ ಆ ಸರ್ವರಿನ ಹೆಸರಿನ ಪಕ್ಕದ ಚುಕ್ಕೆ ಕೆಂಪಾಗಿ ಉರಿಯಿತು. ಇಷ್ಟು ದಿನದಲ್ಲಿ ಆ ಯಂತ್ರ ಆಡಿದ ಮೊದಲ ನಿಜವಾದ ಮಾತು ಅದು. ತಮ್ಮ ಮುಂದೆ ಬಗ್ಗಿ ಆ ಕೆಂಪನ್ನು ನೋಡಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು. ಅವಳಿಗೆ ನಗು ಬಂತು, ಅಳುವೂ ಬಂತು, ಯಾವುದನ್ನು ತಡೆಯುವುದೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಓಣಿಯ ಆಚೆಯ ಕೋಣೆಯಲ್ಲಿ ಕುರ್ಚಿ ಉರುಳಿದ ಸದ್ದಾಯಿತು. ಹಿಂದೆಯೇ ಸಾಹೇಬರ ಕೂಗು ಕಟ್ಟಡಕ್ಕೆಲ್ಲ ಕೇಳಿಸಿತು: "ಯಾರ್ರೀ ಅದು? ಯಾರು ಕೆಂಪು ಮಾಡಿದ್ದು?"

ಸರ್ವರಮ್ಮ ಏಳುವುದರೊಳಗೆ ತಮ್ಮ ಎದ್ದಿದ್ದ. ಬಾಗಿಲನ್ನು ಪೂರಾ ತೆರೆದು ಹೊಸ್ತಿಲ ಮೇಲೆ ನಿಂತ, ಎದೆ ತುಂಬ ಉಸಿರು ಎಳೆದುಕೊಂಡ, ಸಾಹೇಬರಿಗಿಂತ ಜೋರಾಗಿ ಕೂಗಿದ.

"ನಮ್ಮಕ್ಕ!"